ಮನೆಮಾತು ಬೇರೆ, ರಂಗದ ಮಾತು ಬೇರೆ: ಸ್ವಿಸ್ ನಟರ ಕತೆ

ಸ್ವಿಟ್ಜರ್ಲೆಂಡ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಹಿಮದ ಬೆಟ್ಟ, ಹಸಿರು ಹುಲ್ಲು, ಆ ಚಳಿಯಲ್ಲೂ ತೆಳು ಸೀರೆ ಉಟ್ಟು ಕುಣಿಯುವ ನಾಯಕಿ. ತಪ್ಪೇನಿಲ್ಲ ಬಿಡಿ. ನಮ್ಮ ದೇಶದ ಸಿನಿಮಾದವರು ಆ ಬೆಟ್ಟಗಳನ್ನು ಎಷ್ಟು ತೋರಿಸಿದ್ದಾರೆ ಅಂದರೆ, 2016ರಲ್ಲಿ ಇಂಟರ್ಲಾಕನ್ ಊರಿನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದರು. ಆದರೆ ಆ ದೇಶದ ಒಬ್ಬ ನಟನ ಹೆಸರು ಹೇಳಿ ಅಂದರೆ ನಾವೆಲ್ಲ ತಡವರಿಸುತ್ತೇವೆ.

ಒಬ್ಬನ ಮುಖವನ್ನಂತೂ ನೀವು ನೋಡೇ ಇರುತ್ತೀರಿ. ಬಂಕರಿನ ಒಳಗೆ ಮೇಜಿನ ಮುಂದೆ ಕೂತ ಹಿಟ್ಲರ್. ನಡುಗುವ ಕೈಯಿಂದ ಮೆಲ್ಲಗೆ ಕನ್ನಡಕ ತೆಗೆಯುತ್ತಾನೆ. ಒಂದಿಷ್ಟು ಜನರನ್ನು ಹೊರಗೆ ಕಳಿಸುತ್ತಾನೆ. ಆಮೇಲೆ ಕಿರುಚಾಟ ಶುರು. ಕೆಳಗೆ ಯಾರೋ ಸಬ್‌ಟೈಟಲ್ ಬದಲಾಯಿಸಿ ಮ್ಯಾಚ್ ಸೋತಿದ್ದಕ್ಕೋ ಪರೀಕ್ಷೆ ಮುಂದೆ ಹೋಗಿದ್ದಕ್ಕೋ ಅವನು ಬಯ್ಯುತ್ತಿದ್ದಾನೆ ಅಂತ ಮಾಡಿರುತ್ತಾರೆ. ನಗ್ತೀರಿ, ಫಾರ್ವರ್ಡ್ ಮಾಡ್ತೀರಿ. ಆ ನಟ ಜರ್ಮನ್ ಅಲ್ಲ, ಸ್ವಿಸ್. ಹೆಸರು ಬ್ರೂನೊ ಗಾಂಟ್ಸ್. ಇವತ್ತಿನ ಮಾತೆಲ್ಲ ಕೊನೆಗೆ ಅವನ ಹತ್ತಿರವೇ ಹೋಗಿ ನಿಲ್ಲುತ್ತದೆ. ಆದರೆ ಅದಕ್ಕೆ ಮೊದಲು ಭಾಷೆಯ ವಿಚಾರ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಈ ನಟರ ಕಷ್ಟವೂ ತಿಳಿಯಲ್ಲ, ಅವರ ಬಲವೂ ತಿಳಿಯಲ್ಲ.

ಆ ಪುಟ್ಟ ದೇಶದಲ್ಲಿ ನಾಲ್ಕು ರಾಷ್ಟ್ರಭಾಷೆಗಳು. ಜರ್ಮನ್, ಫ್ರೆಂಚ್, ಇಟಾಲಿಯನ್, ಜೊತೆಗೆ ಬೆಟ್ಟದ ಕಣಿವೆಗಳಲ್ಲಿ ಉಳಿದಿರುವ ರೊಮಾನ್ಶ್. ಹತ್ತರಲ್ಲಿ ಆರು ಜನ ಜರ್ಮನ್ ಮಾತಿನವರು. ಆದರೆ ಅವರು ಮನೆಯಲ್ಲಿ ಆಡುವ ಜರ್ಮನ್ ಬೇರೆಯೇ. ಅದಕ್ಕೆ ಸ್ವಿಸ್ ಜರ್ಮನ್ ಅನ್ನುತ್ತಾರೆ. ಬರ್ಲಿನ್‌ನಿಂದ ಬಂದವನಿಗೆ ಅದು ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ಮಗು ಆಡುವುದು ಅದರಲ್ಲಿ, ಜಗಳ ಮಾಡುವುದು ಅದರಲ್ಲಿ, ಮುದುಕರು ಗೊಣಗುವುದೂ ಅದರಲ್ಲೇ. ಓದು ಬರಹ ಮಾತ್ರ ಶಿಷ್ಟ ಜರ್ಮನ್‌ನಲ್ಲಿ. ಅದನ್ನು ಶಾಲೆಗೆ ಹೋಗಿ ಕಲಿಯಬೇಕು.

ಕರಾವಳಿ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಇದು ತಟ್ಟನೆ ತಿಳಿಯುತ್ತದೆ. ತೆಂಕುತಿಟ್ಟು ಯಕ್ಷಗಾನದ ಎಷ್ಟೋ ಕಲಾವಿದರ ಮನೆಮಾತು ತುಳು. ಹಗಲು ಗದ್ದೆಯ ಬದುವಿನಲ್ಲಿ ತುಳು. ರಾತ್ರಿ ರಂಗಸ್ಥಳಕ್ಕೆ ಬಂದು ಕರ್ಣನಾಗಿ ನಿಂತರೆ ಒಂದು ಇಂಗ್ಲಿಷ್ ಪದ ಸೇರಿಸದೆ ಗಂಟೆಗಟ್ಟಲೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಬೆಂಗಳೂರಿನವರು ಬಾಯಿಬಿಟ್ಟು ಕೇಳಬೇಕು, ಅಂಥ ಕನ್ನಡ. ಅದು ಅವರಿಗೆ ತೊಟ್ಟಿಲಲ್ಲಿ ಸಿಕ್ಕಿದ್ದಲ್ಲ, ಕಲಿತು ದಕ್ಕಿಸಿಕೊಂಡದ್ದು. ಹಾಗಾಗಿಯೇ ಒಂದೊಂದು ಪದವನ್ನೂ ತೂಗಿ ಇಡುತ್ತಾರೆ. ಜರ್ಮನ್ ರಂಗಭೂಮಿಗೆ ಹೋದ ಸ್ವಿಸ್ ನಟನ ಪಾಡೂ ಇಂಥದ್ದೇ.

ಎಲ್ಲರಿಗೂ ಅದು ದಕ್ಕಲಿಲ್ಲ ಅನ್ನಿ. ಉರ್ಸುಲಾ ಆಂಡ್ರೆಸ್ ಹೆಸರು ಕೇಳಿದ್ದೀರಾ? ಬರ್ನ್ ಪಕ್ಕದ ಓಸ್ಟರ್‌ಮುಂಡಿಗನ್ ಊರಿನ ಹುಡುಗಿ. 1962ರಲ್ಲಿ ಬಂದ ಮೊದಲ ಜೇಮ್ಸ್ ಬಾಂಡ್ ಚಿತ್ರ 'ಡಾಕ್ಟರ್ ನೋ'ದಲ್ಲಿ ಬಿಳಿ ಬಿಕಿನಿ ತೊಟ್ಟು ಸಮುದ್ರದಿಂದ ಎದ್ದು ಬರುವವಳು ಆಕೆಯೇ. ಅದೊಂದೇ ದೃಶ್ಯಕ್ಕೆ ಜಗತ್ತೆಲ್ಲ ಹೆಸರಾಯಿತು. ಆದರೆ ಆ ಚಿತ್ರದಲ್ಲಿ ನೀವು ಕೇಳುವ ಮಾತು ಆಕೆಯದಲ್ಲ. ಇಂಗ್ಲಿಷಿನಲ್ಲಿ ಊರಿನ ಎಳೆತ ಜಾಸ್ತಿ ಕೇಳುತ್ತದೆ ಅಂತ ನಿಕ್ಕಿ ವಾನ್ ಡರ್ ಜಿಲ್ ಎಂಬ ಕಲಾವಿದೆಯಿಂದ ಡಬ್ ಮಾಡಿಸಿದರು. ಮಾವಿನ ಮರದ ಕೆಳಗೆ ಅಂತ ಒಂದು ಹಾಡು ಗುನುಗುತ್ತಾಳಲ್ಲ, ಆ ದನಿ ಇನ್ನೊಬ್ಬರದು, ಡಯಾನಾ ಕೂಪ್ಲಂಡ್ ಅವರದು. ಅಂದರೆ ಒಂದು ಪಾತ್ರಕ್ಕೆ ಮೂವರು. ಆ ಬಿಕಿನಿ 2001ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ದನಿ ಯಾರದು ಅಂತ ಆಗ ಎಷ್ಟು ಜನ ಕೇಳಿರಬಹುದು, ನೀವೇ ಹೇಳಿ.

ಇದಕ್ಕೆ ಪೂರಾ ಉಲ್ಟಾ ಮಾಕ್ಸಿಮಿಲಿಯನ್ ಶೆಲ್. ಹುಟ್ಟಿದ್ದು 1930ರಲ್ಲಿ ವಿಯೆನ್ನಾದಲ್ಲಿ. ತಂದೆ ಸ್ವಿಸ್ ಲೇಖಕ, ತಾಯಿ ಆಸ್ಟ್ರಿಯಾದ ನಟಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಮನೆಮಂದಿಯೆಲ್ಲ ಜ್ಯೂರಿಚ್‌ಗೆ ಬಂದರು. ಅಕ್ಕ ಮರಿಯಾ ಶೆಲ್ ಮೊದಲು ದೊಡ್ಡ ತಾರೆಯಾದಳು. 1956ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಉತ್ತಮ ನಟಿ ಪ್ರಶಸ್ತಿ ಪಡೆದಳು. ತಮ್ಮನ ಸರದಿ 1961ರ 'ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್'. ಅದರಲ್ಲಿ ಅವನು ನಾಜಿ ನ್ಯಾಯಾಧೀಶರ ಪರ ವಾದಿಸುವ ವಕೀಲ. ಅವನ ಮೊದಲ ವಾದ ಶುರುವಾಗುವುದು ಜರ್ಮನ್‌ನಲ್ಲಿ. ಎದುರಿಗೆ ಕೂತ ಅಮೆರಿಕನ್ನರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅನುವಾದ ಕೇಳುತ್ತಿದ್ದಾರೆ. ಕ್ಯಾಮೆರಾ ಸರಕ್ಕನೆ ಅವನ ಮುಖದ ಹತ್ತಿರ ನುಗ್ಗುತ್ತದೆ. ಅಷ್ಟರಲ್ಲಿ ಅವನ ಬಾಯಲ್ಲಿ ಇಂಗ್ಲಿಷ್! ಅಲ್ಲಿಂದ ಮುಂದೆ ಇಂಗ್ಲಿಷೇ. ಪ್ರೇಕ್ಷಕನಿಗೆ ಅನುಕೂಲವಾಗಲಿ ಅಂತ ಮಾಡಿದ ಉಪಾಯ ಅದು, ನಿಜ. ಆದರೆ ಭಾಷೆ ಬದಲಾದರೂ ದನಿಯ ಕಾವು ಒಂದು ಚೂರೂ ಇಳಿಯುವುದಿಲ್ಲ. ಒಂದು ಮಾತಿನಿಂದ ಇನ್ನೊಂದು ಮಾತಿಗೆ ಚಿಕ್ಕಂದಿನಿಂದ ಹಾರಿ ಅಭ್ಯಾಸವಾದವನಿಗೇ ಅದು ಸಾಧ್ಯ ಅಂತ ನನಗನ್ನಿಸುತ್ತದೆ. ಜಡ್ಜ್ ಪಾತ್ರ ಮಾಡಿದ ಸ್ಪೆನ್ಸರ್ ಟ್ರೇಸಿ ಕೂಡ ಆ ವರ್ಷದ ಉತ್ತಮ ನಟ ಆಸ್ಕರ್ ಪಟ್ಟಿಯಲ್ಲಿದ್ದರು. ಗೆದ್ದವನು ಶೆಲ್.

ಆಸ್ಕರ್ ಅಂದೆನಲ್ಲ, ಒಂದು ಸಣ್ಣ ಅಡ್ಡದಾರಿ. 1929ರಲ್ಲಿ ನಡೆದ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಉತ್ತಮ ನಟ ಅನ್ನಿಸಿಕೊಂಡ ಎಮಿಲ್ ಯಾನಿಂಗ್ಸ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ರೋರ್ಶಾಖ್‌ನಲ್ಲಿ. ಹಾಗಂತ ಅವನನ್ನು ಸ್ವಿಸ್ ನಟ ಅನ್ನಬಹುದಾ? ತಂದೆ ಅಮೆರಿಕದವರು, ತಾಯಿ ಜರ್ಮನ್. ಬೆಳೆದದ್ದು, ನಟನಾದದ್ದು ಜರ್ಮನಿಯಲ್ಲಿ. ಆಮೇಲೆ ನಾಜಿಗಳ ಪ್ರಚಾರದ ಚಿತ್ರಗಳಲ್ಲಿ ಪಾತ್ರ ಮಾಡಿ ಹೆಸರು ಕೆಡಿಸಿಕೊಂಡ. ಹುಟ್ಟಿದ ಊರು ಒಂದೇ ನೋಡಿ ಪಟ್ಟಿ ಮಾಡುವವರು ಅವನನ್ನು ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ.

ಫ್ರೆಂಚ್ ಕಡೆಯವರ ಕತೆ ಸ್ವಲ್ಪ ಬೇರೆ. ಜಿನೀವಾದ ಫ್ರೆಂಚ್‌ಗೂ ಪ್ಯಾರಿಸ್ಸಿನ ಫ್ರೆಂಚ್‌ಗೂ ಅಂಥ ಅಂತರವಿಲ್ಲ. ರೈಲು ಹತ್ತಿದರೆ ಆಯಿತು. ಹಾಗೆ ಹೋದವನು ಮಿಶೆಲ್ ಸಿಮೋಂ. 1895ರಲ್ಲಿ ಜಿನೀವಾದಲ್ಲಿ ಹುಟ್ಟಿದ. ಅಪ್ಪನದು ಸಾಸೇಜ್, ಹಂದಿಮಾಂಸ ಮಾರುವ ಅಂಗಡಿ. ಕಷ್ಟ ಯಾವಾಗಲೂ ಒಂಟಿಯಾಗಿ ಬರುವುದಿಲ್ಲವಲ್ಲ, ನಾನು ಹುಟ್ಟಿದ ವರ್ಷವೇ ಸಿನಿಮಾನೂ ಹುಟ್ಟಿತು ಅಂತ ಅವನು ತಮಾಷೆ ಮಾಡುತ್ತಿದ್ದ. ಮುಖ ನೋಡಿದರೆ ಯಾರೂ ನಾಯಕ ಅನ್ನುವುದಿಲ್ಲ. ದಪ್ಪ ತುಟಿ, ಜೋತುಬಿದ್ದ ಕೆನ್ನೆ, ಗೊಗ್ಗರು ದನಿ. ಆ ಮುಖ ಇಟ್ಟುಕೊಂಡೇ ಫ್ರೆಂಚ್ ಸಿನಿಮಾವನ್ನು ಗೆದ್ದ.

ಅವನ ಒಂದು ಪಾತ್ರವನ್ನು ಮಾತ್ರ ನಿಮಗೆ ತೋರಿಸಬೇಕು. 1934ರ 'ಲಾತಲಾಂತ್'. ನಿರ್ದೇಶಕ ಜಾನ್ ವಿಗೊ ಆ ವರ್ಷವೇ ತೀರಿಕೊಂಡ, ಇನ್ನೂ 29 ವಯಸ್ಸು. ಕಾಲುವೆಯಲ್ಲಿ ಸರಕು ಸಾಗಿಸುವ ದೋಣಿ. ಅದರಲ್ಲಿ ಕೆಲಸಕ್ಕಿರುವ ಮುದುಕ ಜೂಲ್ ಆಗಿ ಸಿಮೋಂ. ಆಗ ಅವನಿಗೆ 40 ಕೂಡ ತುಂಬಿರಲಿಲ್ಲ, ಆದರೆ ತೆರೆಯ ಮೇಲೆ ಊರೆಲ್ಲ ಸುತ್ತಿ ಸವೆದ ಮುದುಕನೇ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಅವನ ಕೋಣೆಗೆ ಕಾಲಿಡುತ್ತಾಳೆ. ಎಲ್ಲಿ ನೋಡಿದರೂ ಬೆಕ್ಕು, ಗೊಂಬೆ, ದೇಶದೇಶದಿಂದ ತಂದ ಹಳೇ ಸಾಮಾನು. ಒಂದು ಗಾಜಿನ ಜಾಡಿಯಲ್ಲಿ ಸತ್ತ ಗೆಳೆಯನ ಎರಡು ಕೈ! ಅವಳು ಹೌಹಾರುತ್ತಾಳೆ. ಇವನು ಅಂಗಿ ಬಿಚ್ಚಿ ಮೈಮೇಲಿನ ಹಚ್ಚೆ ತೋರಿಸುತ್ತಾನೆ. ಹೊಟ್ಟೆಯ ಮೇಲೊಂದು ಮುಖದ ಹಚ್ಚೆ, ಹೊಕ್ಕುಳೇ ಅದರ ಬಾಯಿ. ಆ ಬಾಯಿಗೊಂದು ಸಿಗರೇಟು ಸಿಕ್ಕಿಸುತ್ತಾನೆ. ಹೇಳಿದರೆ ಅಸಹ್ಯ ಅನ್ನಿಸುತ್ತದೆ. ನೋಡಿದರೆ ನಗು ಬರುತ್ತದೆ, ಆಮೇಲೆ ಯಾಕೋ ಪಾಪ ಅನ್ನಿಸುತ್ತದೆ. ಆ ಮೂರನ್ನೂ ಒಂದೇ ಉಸಿರಿನಲ್ಲಿ ಕೊಡಬಲ್ಲವರು ಕಡಿಮೆ. ಸಿಮೋಂಗೆ ಕಡೆಗಾಲದಲ್ಲಿ, 1967ರಲ್ಲಿ, ಬರ್ಲಿನ್ ಉತ್ಸವದ ಉತ್ತಮ ನಟ ಪ್ರಶಸ್ತಿ ಬಂತು. 1975ರಲ್ಲಿ ತೀರಿಕೊಂಡ. ಮಣ್ಣಾದದ್ದು ಮಾತ್ರ ತನ್ನ ಜಿನೀವಾದಲ್ಲೇ.

ಈಗ ಜ್ಯೂರಿಚ್‌ಗೆ ಬರೋಣ.

ಇಷ್ಟು ಹೊತ್ತು ಹೊರಗೆ ಹೋದವರ ಕತೆ ಹೇಳಿದೆ. 1933ರಿಂದ 1945ರವರೆಗೆ ಆದದ್ದು ಇದಕ್ಕೆ ತಿರುಗಾಮುರುಗಾ. ಹಿಟ್ಲರ್ ಬಂದ ಮೇಲೆ ಜರ್ಮನಿಯಿಂದ ಯಹೂದಿ ನಟರು, ಎಡಪಂಥದ ನಟರು ಓಡಿ ಬಂದರು. ಜರ್ಮನ್ ಭಾಷೆಯಲ್ಲಿ ಸ್ವತಂತ್ರವಾಗಿ ನಾಟಕ ಆಡಲು ಅವರಿಗೆ ಉಳಿದ ದೊಡ್ಡ ಜಾಗ ಜ್ಯೂರಿಚ್‌ನ ಷೌಸ್ಪೀಲ್‌ಹೌಸ್ ರಂಗಮಂದಿರ ಒಂದೇ ಅನ್ನಬೇಕು. ತೆರೇಸ್ ಗೀಸೆ, ವೋಲ್ಫ್‌ಗಾಂಗ್ ಲಾಂಗ್‌ಹೋಫ್, ಎರ್ನ್ಸ್ಟ್ ಗಿನ್ಸ್‌ಬೆರ್ಗ್, ಹೀಗೆ ದಂಡೇ ಬಂತು. ಲಾಂಗ್‌ಹೋಫ್ ಬಂದದ್ದು ನಾಜಿಗಳ ಸೆರೆಶಿಬಿರದಲ್ಲಿ ಇದ್ದು ಬಿಡುಗಡೆಯಾದ ಮೇಲೆ. ಇವರ ಜೊತೆಗೇ ಊರಿನ ನಟ ಹೈನ್ರಿಕ್ ಗ್ರೆಟ್ಲರ್ ಇದ್ದ. ಸ್ವಿಸ್ ಜನ ಅವನನ್ನು ಮನೆಯ ಹಿರಿಯನ ಹಾಗೆ ನೋಡುತ್ತಿದ್ದರು. ರಂಗದ ಮೇಲೆ ವಿಲ್ಲಿಯಮ್ ಟೆಲ್, ತೆರೆಯ ಮೇಲೆ ಪೊಲೀಸ್ ಷ್ಟೂಡರ್, ಆಮೇಲೆ 1952ರ 'ಹೈಡಿ' ಚಿತ್ರದಲ್ಲಿ ಬೆಟ್ಟದ ಮೇಲೆ ಒಬ್ಬನೇ ಇರುವ ಆ ಮುಂಗೋಪಿ ಅಜ್ಜ. ಗಡಿಯ ಆಚೆ ಅವನ ಹೆಸರು ಅಷ್ಟು ಹೋಗಲಿಲ್ಲ. ಸ್ವಿಸ್ ಜರ್ಮನ್‌ನಲ್ಲಿ ಮಾತಾಡುವ ನಟನ ಹಣೆಬರಹ ಅದು. ಊರಿಗೆ ದೇವರು, ಹೊರಗೆ ಅನಾಮಿಕ.

1941ರ ಏಪ್ರಿಲ್ 19. ಸುತ್ತಲೂ ಯುದ್ಧ. ಆ ರಂಗದ ಮೇಲೆ ಜರ್ಮನ್ ನಾಟಕಕಾರ ಬ್ರೆಕ್ಟ್‌ನ 'ಮದರ್ ಕರೇಜ್' ಮೊದಲ ಸಲ ಆಡಿದರು. ತಾಯಿಯ ಪಾತ್ರ ತೆರೇಸ್ ಗೀಸೆಯದು. ಇದಕ್ಕೆ ಸರಿಯಾಗಿ ನಾಲ್ಕು ವಾರ ಮೊದಲು, ಮಾರ್ಚ್ 22ರಂದು, ಅದೇ ಊರಿನ ಅಂಚಿನ ಸೇಬಾಖ್ ಬಡಾವಣೆಯಲ್ಲಿ ಒಂದು ಮಗು ಹುಟ್ಟಿತ್ತು. ಅಪ್ಪ ಸ್ವಿಸ್ ಮೆಕ್ಯಾನಿಕ್, ಅಮ್ಮ ಉತ್ತರ ಇಟಲಿಯವಳು. ಅದೇ ಬ್ರೂನೊ ಗಾಂಟ್ಸ್.

ಮನೆಯಲ್ಲಿ ನಾಟಕದ ಗಾಳಿಯೇ ಇರಲಿಲ್ಲ. ಲೈಟಿಂಗ್ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಥಿಯೇಟರಿನೊಳಗೆ ಬಿಟ್ಟುಕೊಂಡ. ಹುಡುಗ ಹಾಗೇ ನೋಡಿ ನೋಡಿ ಹುಚ್ಚು ಹತ್ತಿಸಿಕೊಂಡ. ಶಾಲೆ ಮುಗಿಸದೆ ಬಿಟ್ಟ. ಆಮೇಲೆ ಗಂಟುಮೂಟೆ ಕಟ್ಟಿ ಜರ್ಮನಿಗೆ ಹೋದ. ಗ್ಯೋಟಿಂಗನ್, ಬ್ರೇಮನ್, ಕೊನೆಗೆ 1970ರಲ್ಲಿ ಬರ್ಲಿನ್. ಅಲ್ಲಿ ಪೀಟರ್ ಷ್ಟೈನ್ ಎಂಬ ನಿರ್ದೇಶಕನ ಜೊತೆ ಸೇರಿ ಕೆಲವು ನಟರು ಷೌಬ್ಯೂನೆ ಎಂಬ ರಂಗತಂಡವನ್ನು ಹೊಸದಾಗಿ ಕಟ್ಟುತ್ತಿದ್ದರು. ಯಾವ ನಾಟಕ ಆಡಬೇಕು ಅನ್ನುವುದನ್ನೂ ಎಲ್ಲರೂ ಕೂತು ತೀರ್ಮಾನಿಸುತ್ತಿದ್ದರು. ಗಂಟೆಗಟ್ಟಲೆ ಮೀಟಿಂಗ್, ನಮ್ಮ ಹವ್ಯಾಸಿ ತಂಡಗಳ ಥರ. ಅವರ ಮೊದಲ ನಾಟಕ ಬ್ರೆಕ್ಟ್‌ನ 'ತಾಯಿ'. ಆ ತಾಯಿಯ ಪಾತ್ರಕ್ಕೆ ಯಾರನ್ನು ಕರೆಸಿದರು ಗೊತ್ತಾ? ಅದೇ ತೆರೇಸ್ ಗೀಸೆಯನ್ನು. ಆಕೆ ಜ್ಯೂರಿಚ್‌ನಲ್ಲಿ ಆ ದೊಡ್ಡ ಪಾತ್ರ ಮಾಡುವಾಗ ತೊಟ್ಟಿಲಲ್ಲಿದ್ದ ಮಗು ಈಗ ಅದೇ ತಂಡದ ನಟ.

ಅವನ ರಂಗದ ಕೆಲಸ ಹೇಳುತ್ತಾ ಹೋದರೆ ಸಂಜೆಯಾಗುತ್ತದೆ. ಒಂದು ಘಟನೆ ಸಾಕು. 1972, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವ. ಲೇಖಕ ಥಾಮಸ್ ಬರ್ನ್‌ಹಾರ್ಡ್‌ನ ಹೊಸ ನಾಟಕ. ಗಾಂಟ್ಸ್ ಅದರಲ್ಲಿ ಡಾಕ್ಟರ್. ಹೆಣ ಕೊಯ್ಯುವುದು ಹೇಗೆ ಅಂತ ಬಿಡದೆ ಮಾತಾಡುವ ಪಾತ್ರ. ನಾಟಕದ ಕೊನೆಗೆ ಪೂರ್ತಿ ಕತ್ತಲೆ ಬೇಕು ಅಂತ ಲೇಖಕನ ಹಟ. ಕಗ್ಗತ್ತಲೆ, ಒಂದು ಮಿಣುಕೂ ಇರಬಾರದು. ಬೆಂಕಿ ಸುರಕ್ಷತೆಯವರು ಬಾಗಿಲ ಮೇಲಿನ ತುರ್ತು ದೀಪ ಆರಿಸಲು ಬಿಡಲಿಲ್ಲ. ಮೊದಲ ಪ್ರದರ್ಶನ ದೀಪದ ಜೊತೆಗೇ ಮುಗಿಯಿತು. ತಂಡ ಸಿಟ್ಟಿಗೆದ್ದಿತು. ಎರಡನೇ ಪ್ರದರ್ಶನ ಅಲ್ಲಿ ಆಗಲೇ ಇಲ್ಲ. ಎರಡು ನಿಮಿಷದ ಕತ್ತಲೆಗೆ ಇಷ್ಟು ರಂಪ! ನಮ್ಮ ಊರಿನ ನಾಟಕಗಳಲ್ಲಿ ಆ ತೊಂದರೆ ಇಲ್ಲ. ಕರೆಂಟ್‌ನವರು ಕೇಳದೇ ಕತ್ತಲೆ ಕೊಡುತ್ತಾರೆ.

ಸಿನಿಮಾಕ್ಕೆ ಅವನು ನಿಜವಾಗಿ ಬಂದದ್ದು ತಡವಾಗಿ. 1977ರಲ್ಲಿ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಚಿತ್ರದಲ್ಲಿ ಅಮೆರಿಕದ ಡೆನ್ನಿಸ್ ಹಾಪರ್ ಜೊತೆ ನಟಿಸಿದ. ಗಾಂಟ್ಸ್ ರಂಗದವನು, ಪಾತ್ರವನ್ನು ಅರೆದು ಕುಡಿದು ಬರುವವನು. ಹಾಪರ್ ಇನ್ನೊಂದು ಶೂಟಿಂಗ್‌ನಿಂದ ನೇರ ಬಂದಿಳಿದವನು, ಆ ಕ್ಷಣಕ್ಕೆ ತೋಚಿದ್ದು ಮಾಡುವವನು. ಇಬ್ಬರೂ ಸೆಟ್ಟಿನಲ್ಲೇ ಕೈಕೈ ಮಿಲಾಯಿಸಿದರು. ಆಮೇಲೆ ಒಟ್ಟಿಗೆ ಹೋಗಿ ರಾತ್ರಿಯಿಡೀ ಕುಡಿದು ಗೆಳೆಯರಾಗಿ ವಾಪಸ್ ಬಂದರು.

ಹತ್ತು ವರ್ಷದ ನಂತರ ಅದೇ ವೆಂಡರ್ಸ್ ಮಾಡಿದ ಚಿತ್ರ 'ವಿಂಗ್ಸ್ ಆಫ್ ಡಿಸೈರ್'. 1987. ಗೋಡೆ ಇನ್ನೂ ಬಿದ್ದಿರದ ಬರ್ಲಿನ್. ಗಾಂಟ್ಸ್ ಅಲ್ಲಿ ದೇವದೂತ ಡಾಮಿಯೆಲ್. ಉದ್ದ ಕೋಟು, ಕಟ್ಟಿದ ಜುಟ್ಟು. ಜನರ ಮನಸ್ಸಿನ ಮಾತು ಅವನಿಗೆ ಕೇಳುತ್ತದೆ, ಆದರೆ ಕಾಫಿಯ ಬಿಸಿ ಗೊತ್ತಾಗುವುದಿಲ್ಲ. ದೇವದೂತರ ಕಣ್ಣಿಗೆ ಲೋಕ ಕಪ್ಪು ಬಿಳುಪು. ಆ ಕಪ್ಪು ಬಿಳುಪಿಗೆ ಒಂದು ಮೆದು ಬೇಕು ಅಂತ ಛಾಯಾಗ್ರಾಹಕ ಆಂರಿ ಅಲೆಕಾಂ ತನ್ನ ಅಜ್ಜಿಯ ರೇಷ್ಮೆ ಕಾಲುಚೀಲವನ್ನು ಲೆನ್ಸಿಗೆ ಫಿಲ್ಟರ್ ಮಾಡಿಕೊಂಡಿದ್ದ.

ಆ ದೇವದೂತ ಮನುಷ್ಯನಾಗುವ ಘಳಿಗೆ ಇದೆಯಲ್ಲ, ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಗೋಡೆಯ ಪಕ್ಕ ಬಿದ್ದಿದ್ದಾನೆ. ಮೇಲಿಂದ ಅವನ ಉಕ್ಕಿನ ಎದೆಕವಚ ಧೊಪ್ಪೆಂದು ತಲೆಯ ಮೇಲೆ ಬೀಳುತ್ತದೆ. ತಲೆ ಮುಟ್ಟಿಕೊಳ್ಳುತ್ತಾನೆ. ಬೆರಳಲ್ಲಿ ರಕ್ತ. ಕೆಂಪು! ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡುತ್ತಾನೆ. ದಾರಿಹೋಕನನ್ನು ನಿಲ್ಲಿಸಿ ಗೋಡೆಯ ಮೇಲಿನ ಬಣ್ಣಗಳ ಹೆಸರು ಕೇಳುತ್ತಾನೆ. ಇದು ಹಳದಿನಾ, ಇದು ನೀಲಿನಾ ಅಂತ, ಮಗ್ಗಿ ಕಲಿಯುವ ಮಗುವಿನ ಹಾಗೆ. ಗೂಡಂಗಡಿಯಲ್ಲಿ ಕಾಫಿ ಕೊಂಡು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾನೆ. ಕೈ ಉಜ್ಜಿಕೊಳ್ಳುತ್ತಾನೆ. ಕವಚ ಮಾರಿ ಕಣ್ಣು ಕುಕ್ಕುವ ಬಣ್ಣದ ಜಾಕೆಟ್ ಹಾಕಿಕೊಳ್ಳುತ್ತಾನೆ. 46 ವಯಸ್ಸಿನವನ ಮುಖದಲ್ಲಿ ಆ ಬೆರಗು ನೋಡಬೇಕು. ಪ್ರತಿಯೊಂದು ಪದವನ್ನೂ ಹೊಸದಾಗಿ ಕಲಿತು ಆಡುವವನ ಬೆರಗು.

ಅವನ ಮಾತಿನ ಇನ್ನೊಂದು ತಮಾಷೆ 2000ದ ಇಟಾಲಿಯನ್ ಚಿತ್ರ 'ಪಾನೆ ಎ ತುಲಿಪಾನಿ'ಯಲ್ಲಿದೆ. ವೆನಿಸ್ಸಿನ ಹೋಟೆಲಿನ ವೇಟರ್, ಊರು ಐಸ್‌ಲ್ಯಾಂಡ್. ಇಟಾಲಿಯನ್ನನ್ನು ಪುಸ್ತಕದಿಂದ ಕಲಿತವನ ಹಾಗೆ ಹಳಗಾಲದ ಧಾಟಿಯಲ್ಲಿ ಮಾತಾಡುತ್ತಾನೆ. ಊಟ ಏನಿದೆ ಅಂತ ಕೇಳಿದರೆ ಉತ್ತರ ಕಾವ್ಯದ ಭಾಷೆಯಲ್ಲಿ. ನಮ್ಮ ದರ್ಶಿನಿಯಲ್ಲಿ ಒಬ್ಬ ಯಕ್ಷಗಾನದ ಅರ್ಥಧಾರಿ ಇಡ್ಲಿ ತಂದಿಟ್ಟ ಹಾಗೆ ಅಂದುಕೊಳ್ಳಿ. ತಾಯಿಯ ಭಾಷೆಯಲ್ಲಿ ಪರದೇಶಿಯಾಗಿ ನಟಿಸುವುದು! ಅದಕ್ಕೆ ಇಟಲಿಯವರು ತಮ್ಮ ಉತ್ತಮ ನಟ ಪ್ರಶಸ್ತಿ ಕೊಟ್ಟರು.

ಇನ್ನು ಹಿಟ್ಲರ್. 2004ರ 'ಡೌನ್‌ಫಾಲ್'. ಹಿಟ್ಲರ್ ಭಾಷಣಗಳ ಕಿರುಚಾಟ ಎಲ್ಲರಿಗೂ ಗೊತ್ತು, ಅನುಕರಿಸುವುದೂ ಸುಲಭ. ಆದರೆ ಅವನು ಊಟದ ಮೇಜಿನಲ್ಲಿ ಹೇಗೆ ಮಾತಾಡುತ್ತಿದ್ದ? ಅದಕ್ಕೆ ಗಾಂಟ್ಸ್‌ಗೆ ಸಿಕ್ಕಿದ್ದು 11 ನಿಮಿಷದ ಒಂದು ಧ್ವನಿಮುದ್ರಣ. 1942ರ ಜೂನ್‌ನಲ್ಲಿ ಫಿನ್‌ಲ್ಯಾಂಡಿನ ಸೇನಾಪತಿ ಮ್ಯಾನರ್‌ಹೈಮ್ ಅವರ 75ನೇ ಹುಟ್ಟುಹಬ್ಬಕ್ಕೆ ಹಿಟ್ಲರ್ ಹೋದಾಗ ರೇಡಿಯೊ ತಂತ್ರಜ್ಞನೊಬ್ಬ ಗುಟ್ಟಾಗಿ ಮುದ್ರಿಸಿಕೊಂಡದ್ದು. ತಗ್ಗಿದ ದನಿ, ಆಸ್ಟ್ರಿಯಾದ ಎಳೆತ. ಗಾಂಟ್ಸ್ ಅದನ್ನು ಕೇಳಿ ಕೇಳಿ ಆ ನುಡಿಯನ್ನೂ ಅಭ್ಯಾಸ ಮಾಡಿದ. ಆಸ್ಪತ್ರೆಗೆ ಹೋಗಿ ಪಾರ್ಕಿನ್ಸನ್ ಕಾಯಿಲೆಯವರ ಕೈ ಹೇಗೆ ನಡುಗುತ್ತದೆ ನೋಡಿದ. ಚಿತ್ರದಲ್ಲಿ ಒಂದು ಕಡೆ ಯುದ್ಧಕ್ಕೆ ನಿಂತ ಮಕ್ಕಳ ಕೆನ್ನೆ ಸವರುತ್ತಾನೆ. ಮುಂದಿನ ಕೈ ಪ್ರೀತಿ ತೋರಿಸುತ್ತಿದೆ. ಬೆನ್ನ ಹಿಂದೆ ಇಟ್ಟುಕೊಂಡ ಎಡಗೈ ಹಾವಿನ ಹಾಗೆ ಒದ್ದಾಡುತ್ತಿದೆ. ಕಿರುಚಾಟಕ್ಕಿಂತ ನನಗೆ ಆ ಕೈ ಹೆದರಿಕೆ ಹುಟ್ಟಿಸುತ್ತದೆ. ನನಗೂ ಹಿಟ್ಲರ್‌ಗೂ ನಡುವೆ ನನ್ನ ಸ್ವಿಸ್ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಆಯಿತು, ಅದು ಅನುಕೂಲವಾಯಿತು ಎಂಬ ಅರ್ಥದ ಮಾತನ್ನು ಅವನು ಹೇಳಿದ್ದುಂಟು. ಜರ್ಮನ್ ಆಗಿದ್ದರೆ ಆ ಪಾತ್ರ ಹೊರುವುದು ಇನ್ನೂ ಭಾರವಾಗುತ್ತಿತ್ತೇನೋ.

ಜರ್ಮನ್ ರಂಗದವರಿಗೆ ಇಫ್ಲಾಂಡ್ ಉಂಗುರ ಅಂತ ಒಂದಿದೆ. ಸಂಪ್ರದಾಯದಂತೆ ಅದು ಭಾಷೆಯ ಅತಿ ದೊಡ್ಡ ನಟನ ಬೆರಳಿಗೆ. ಕೊಡುವುದು ಕಮಿಟಿಯಲ್ಲ, ಹಿಂದೆ ಅದನ್ನು ತೊಟ್ಟಿದ್ದ ನಟ. ತನ್ನ ನಂತರ ಯಾರಿಗೆ ಅಂತ ಬರೆದಿಡುತ್ತಾನೆ. 1996ರಲ್ಲಿ ಯೋಸೆಫ್ ಮೈನ್ರಾಡ್ ತೀರಿಕೊಂಡಾಗ ಅವರು ಬರೆದಿಟ್ಟ ಹೆಸರು ಗಾಂಟ್ಸ್. ಜರ್ಮನ್ ಅಲ್ಲ, ಆಸ್ಟ್ರಿಯನ್ ಅಲ್ಲ, ಶಾಲೆಯಲ್ಲಿ ಆ ಭಾಷೆ ಕಲಿತ ಮೆಕ್ಯಾನಿಕ್‌ನ ಮಗ! ಗಾಂಟ್ಸ್ ತನ್ನ ನಂತರಕ್ಕೆ ಗೆರ್ಟ್ ಫೋಸ್ ಅಂತ ಬರೆದಿದ್ದ. ಫೋಸ್ 2014ರಲ್ಲಿ ಇವನಿಗಿಂತ ಮೊದಲೇ ಹೋದ. ಮತ್ತೆ ಬರೆಯಬೇಕಾಯಿತು. 2019ರ ಫೆಬ್ರವರಿಯಲ್ಲಿ, 77ನೇ ವಯಸ್ಸಿನಲ್ಲಿ, ಜ್ಯೂರಿಚ್ ಬಳಿಯ ಮನೆಯಲ್ಲಿ ಗಾಂಟ್ಸ್ ತೀರಿಕೊಂಡ. ಉಂಗುರ ಯೆನ್ಸ್ ಹಾರ್ಟ್ಸರ್ ಎಂಬ ನಟನಿಗೆ ಹೋಯಿತು.

ಒಂದು ಚಿತ್ರ ಬಾಕಿ ಉಳಿಸಿಕೊಂಡಿದ್ದೆ. 2006ರ 'ವೀಟುಸ್', ನಿರ್ದೇಶಕ ಫ್ರೆಡಿ ಮುರರ್. ಪಿಯಾನೊ ನುಡಿಸುವ ಜಾಣ ಹುಡುಗ, ಅವನಿಗೊಬ್ಬ ಅಜ್ಜ. ಅಪ್ಪ ಅಮ್ಮ ಹುಡುಗನ ಬೆನ್ನು ಹತ್ತಿದ್ದಾರೆ. ಅಜ್ಜ ಮಾತ್ರ ಅವನನ್ನು ತನ್ನ ಮರಗೆಲಸದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಕೈಗೆ ಉಪಕರಣ ಕೊಡುತ್ತಾನೆ. ಅಜ್ಜನಿಗೆ ಜೀವಮಾನವಿಡೀ ಹಾರುವ ಆಸೆ. ಇಬ್ಬರೂ ಸೇರಿ ರೆಕ್ಕೆ ಮಾಡುತ್ತಾರೆ. ಬರ್ಲಿನ್‌ನಲ್ಲಿ ರೆಕ್ಕೆ ಬಿಟ್ಟು ನೆಲಕ್ಕೆ ಬಿದ್ದವನೇ ಇಲ್ಲಿ ಮೊಮ್ಮಗನಿಗೆ ರೆಕ್ಕೆ ಕಟ್ಟಿಕೊಡುತ್ತಿದ್ದಾನೆ ಅಂತ ನನಗೆ ನಗು ಬಂತು. ಆ ಅಜ್ಜ ಆಡುವುದು ಸ್ವಿಸ್ ಜರ್ಮನ್. ಷ್ಟೈನ್ ಕಲಿಸಿದ್ದಲ್ಲ, ಸಾಲ್ಜ್‌ಬರ್ಗ್‌ನಲ್ಲಿ ಮೆರೆದದ್ದೂ ಅಲ್ಲ, ಸೇಬಾಖ್ ಬೀದಿಯದು. ಉಂಗುರ ತೊಟ್ಟ ಆ ನಟನ ಮಾತು ಪೂರ್ತಿ ತಿಳಿಯಬೇಕಾದರೆ ಬರ್ಲಿನ್‌ನವರಿಗೂ ನಮ್ಮ ಹಾಗೇ ತೆರೆಯ ಕೆಳಗೆ ಸಬ್‌ಟೈಟಲ್ ಬೇಕು.